ಪಕ್ಕದ ಮನೆಯಮ್ಮನ ಮುಯ್ಯಿ

ಅವರ ಬಲಗೈಯ ಹೆಬ್ಬೆರಳು, ತೋರುಬೆರಳಿನ ತುದಿಗಳಲ್ಲಿ ಗೆರೆಗಳೇ ಇರಲಿಲ್ಲ. ಉಣ್ಣೆಯ ಎಳೆ ಹೊಸೆದು ಹೊಸೆದು ಸವೆದು ಹೊಳೆಯ ಕಲ್ಲಿನಷ್ಟು ನುಣುಪಾಗಿದ್ದವು. ನ್ಯೂಜಿಲೆಂಡಿನ ಹ್ಯಾಮಿಲ್ಟನ್ ಊರಿನ ಹೊಸ ಬಡಾವಣೆ ರೊಟೊಟೂನದ ನಮ್ಮ ಬೀದಿಯಲ್ಲಿ ಎಲ್ಲ ಮನೆಗಳೂ ಹೊಸವು, ಎಲ್ಲರ ಹುಲ್ಲೂ ಒಂದೇ ಎತ್ತರ. ಅಲ್ಲಿ ಪಕ್ಕದ ಮನೆಯ ಆ ಹೆಂಗಸು ಕಂದು ಕಂಬಳಿ ಹೊದ್ದು, ತಕಲಿ ತಿರುಗಿಸುತ್ತಾ ಬೆಳಿಗ್ಗೆ ಸಂಜೆ ನಡೆಯುತ್ತಿದ್ದರು. ಉಣ್ಣೆ ಕೊಂಡದ್ದಲ್ಲ. ಬಡಾವಣೆ ಮುಗಿದು ಕುರಿ ಹೊಲಗಳು ಶುರುವಾಗುವಲ್ಲಿ ಮುಳ್ಳುತಂತಿಗೆ ಸಿಕ್ಕಿಕೊಂಡದ್ದನ್ನು ಬಿಡಿಸಿ ತಂದದ್ದು. ನಾನು ರಾಣೆಬೆನ್ನೂರಿನವಳು, ಕುರಿ ಕಾಯುತ್ತಾ ನಡೆನಡೆದೇ ನೂಲುವವರನ್ನು ನೋಡಿ ಬೆಳೆದವಳು. ಹ್ಯಾಮಿಲ್ಟನ್ನಿನಲ್ಲಿ ಅದನ್ನು ಕಂಡು ಕಿಟಕಿಯ ಹತ್ತಿರವೇ ನಿಂತುಬಿಟ್ಟೆ.

ಅವರು ಕೊಲಂಬಿಯಾದವರು. ಬೊಗೊಟಾದಿಂದ ಬಸ್ಸು ಹಿಡಿದು ಬೆಟ್ಟದ ಮೇಲಿನ ಬಯಲಿಗೆ ಹತ್ತಿದರೆ ಸಿಗುವ ಸಣ್ಣ ಊರು. ಆಲೂಗಡ್ಡೆ, ಈರುಳ್ಳಿ, ಕುರಿ, ಮೈ ಕೊರೆಯುವ ಚಳಿ. ಮುಯಿಸ್ಕಾ ಎನ್ನುವ ಮೂಲನಿವಾಸಿಗಳ ಊರದು. ಸ್ಪೇನಿನವರು ಬಂದ ಮೇಲೆ ಚರ್ಚು ಬಂತು, ಭಾಷೆ ಹೋಯಿತು. ಕೆರೆಗಳ ಹೆಸರು, ಗಡ್ಡೆಗಳ ಹೆಸರು, ಮನೆಯ ಕೊನೆಯ ಕೂಸನ್ನು ಕರೆಯುವ ‘ಕೂಬಾ’ ಎಂಬ ಮಾತು, ಹೀಗೆ ಅಷ್ಟಿಷ್ಟು ಉಳಿಯಿತು. ಇಲ್ಲಿಯ ಅಂಗಡಿಗಳಲ್ಲಿ ಯಾಮ್ ಅಂತ ಮಾರುವ ಕೆಂಪು ಗಡ್ಡೆಯನ್ನು ಮೊದಲ ಸಲ ಕಂಡ ದಿನ ಅವರು ಚೀಲ ತುಂಬ ಹೊತ್ತು ತಂದು, ಸಿಹಿಯಾಗಲಿ ಎಂದು ಅಂಗಳದಲ್ಲಿ ಬಿಸಿಲಿಗೆ ಹರವಿದ್ದರು. “ಇದು ನಮ್ಮದು ರೀ, ಇಬಿಯಾ. ನನಗಿಂತ ಮೊದಲ ಇಲ್ಲಿಗೆ ಬಂದು ಕುಂತೈತಿ” ಎಂದು ಬೀದಿಯಲ್ಲಿ ಹೋಗುವವರನ್ನೆಲ್ಲ ನಿಲ್ಲಿಸಿ ಹೇಳಿದರು. ಅವರ ಇಂಗ್ಲಿಷ್ ಹರಕು, ನನ್ನದೂ ಅಂಥ ಚೆಂದದ್ದೇನಲ್ಲ. ನೆನಪಿನಲ್ಲಿ ಮಾತ್ರ ಅವರು ನಮ್ಮ ಕಡೆಯ ಕನ್ನಡವನ್ನೇ ಆಡುತ್ತಾರೆ. ಹಾಗೇ ಬರೆಯುತ್ತಿದ್ದೇನೆ.

ಅವರ ಮಗಳು ಇಲ್ಲಿಯವನನ್ನೇ ಮದುವೆಯಾಗಿದ್ದಳು. ಆಕೆಯ ಬಾಣಂತನ ಮಾಡಲೆಂದು ಬಂದವರು ಇವರು. ಮಗಳು ಬೇಡವೆಂದಳು. “ಅಮ್ಮಾ, ಇದು ನ್ಯೂಜಿಲೆಂಡ್” ಎಂದು ಕೂಸನ್ನು ತಳ್ಳುಗಾಡಿಯಲ್ಲಿ ಹಾಕಿಕೊಂಡು ಮರುವಾರವೇ ಮಾಲ್‌ಗೆ ಹೋದಳಂತೆ. ಅಂದಿನಿಂದ ಅಮ್ಮನಿಗೆ ಕೂತಲ್ಲಿ ಕೂರಲಾಗದು. ಊರಿನ ಹೊಲ ತಂಗಿಯ ಕೈಯಲ್ಲಿತ್ತು. ಬಿತ್ತನೆ ಬಂದಾಗ ಹೋಗುತ್ತೇನೆ ಎನ್ನುವರು, ಮೊಮ್ಮಗ ಕೆಮ್ಮಿದರೆ ಉಳಿಯುವರು. ಪೆಟ್ಟಿಗೆ ಬಾಗಿಲ ಬಳಿಯೇ ಇರುತ್ತಿತ್ತು.

ನಾನು ವೃದ್ಧಾಶ್ರಮವೊಂದರಲ್ಲಿ ನರ್ಸ್. ನಾನು ತುಂಬು ಬಸುರಿಯಾಗಿದ್ದಾಗ ಊರಿನಿಂದ ಬರಬೇಕಿದ್ದ ನನ್ನ ಅಮ್ಮನಿಗೆ ವೀಸಾ ಸಿಗಲಿಲ್ಲ. ಹೆರಿಗೆಯಾಗಿ ಮನೆಗೆ ಬಂದ ದಿನ ಮಿಡ್‌ವೈಫ್ ಬಂದು ಕಿಟಕಿಗಳನ್ನೆಲ್ಲ ತೆರೆದು, ಗಾಳಿ ಬೆಳಕು ಇರಲಿ, ನಾಳೆಯಿಂದ ಸ್ವಲ್ಪ ನಡೆಯಿರಿ ಎಂದು ಹೇಳಿ ಹೋದರು. ಅವರ ಕಾರು ತಿರುವು ದಾಟುವ ಮೊದಲೇ ಪಕ್ಕದ ಮನೆಯಮ್ಮ ಹಿತ್ತಲಿನಿಂದ ಒಳಗೆ ಬಂದರು. ಕೇಳಲಿಲ್ಲ, ಹೇಳಲಿಲ್ಲ. ಕಿಟಕಿಗಳನ್ನೆಲ್ಲ ಮುಚ್ಚಿದರು. ನನ್ನ ಕಿವಿಗೆ ಹತ್ತಿ ಇಟ್ಟು ತಲೆಗೆ ಬಟ್ಟೆ ಬಿಗಿದರು. ಥೇಟ್ ನನ್ನ ಅಮ್ಮ ಮಾಡುತ್ತಿದ್ದ ಹಾಗೆ. ನಾನು ಗೊಳೋ ಎಂದು ಅತ್ತೆ.

“ಅಳಬ್ಯಾಡ್ರಿ, ಕಣ್ಣಾಗ ಥಂಡಿ ಹೊಗತೈತಿ” ಎಂದರು.

ಅವರಲ್ಲೂ ಬಾಣಂತಿಗೆ ನಲವತ್ತು ದಿನವೇ. ಮೊದಲ ದಿನ ತಂದ ಕೋಳಿ ಹಲಾಲ್ ಅಲ್ಲವೆಂದು ನನ್ನ ಗಂಡ ಬಾಗಿಲಲ್ಲಿ ತಡವರಿಸಿದ. ಅವರು ಬೇಸರಪಡಲಿಲ್ಲ. “ನಿಮ್ಮ ದೇವರು ಒಪ್ಪೋ ಕೋಳಿನ ತಗೊಂಡ್ ಬರ್ರಿ, ಕುದಿಸೂದು ನನ್ನ ಕೆಲಸ.” ಒಮ್ಮೆ ಊರಿನಿಂದ ಅಮ್ಮ ಫೋನು ಮಾಡಿ, “ಯಾರಕಿ, ನನ್ನ ಕೆಲಸ ಮಾಡಾಕತ್ತಾಕಿ? ಕೊಡು ಆಕಿಗೆ” ಎಂದಳು. ನಮ್ಮ ಮನೆಮಾತು ಉರ್ದು, ಅವರದು ಸ್ಪ್ಯಾನಿಷ್. ಇಬ್ಬರೂ ಬಹಳ ಹೊತ್ತು ಮಾತಾಡಿದರು. ಏನು ಮಾತಾಡಿದಿರಿ ಎಂದು ಕೇಳಿದರೆ, “ಸಾರಿಗೆ ಮೆಣಸು ಕಮ್ಮಿ ಅಂತಾರ ನಿಮ್ಮವ್ವ” ಎಂದರು.

ನಲವತ್ತು ತುಂಬಿತು. ಬಾಣಂತನ ಮಾಡಿದವರನ್ನು ಬರಿಗೈಯಲ್ಲಿ ಕಳಿಸುವುದುಂಟೇ? ಹರಿವಾಣದಲ್ಲಿ ಹಣ್ಣು, ಹೊಸ ಶಾಲು, ಒಂದು ಉಂಗುರ ಇಟ್ಟು ಗಂಡನ ಜೊತೆ ಹೋಗಿ ಅವರ ಮುಂದೆ ಹಿಡಿದೆ. ಅವರ ಮುಖ ಕಪ್ಪಿಟ್ಟಿತು.

“ಮುಗಸ್ತೀರೇನು?” ಎಂದರು. ಅಷ್ಟೇ. ಒಳಗೆ ಹೋಗಿಬಿಟ್ಟರು. ಹರಿವಾಣವನ್ನು ಅಲ್ಲಿಯೇ ಮೇಜಿನ ಮೇಲಿಟ್ಟು ಬಂದೆವು.

ಆಮೇಲೆ ವಾರಗಟ್ಟಲೆ ನಮ್ಮ ಮನೆಯ ಮುಂದೆ ತಕಲಿ ತಿರುಗಿಸುತ್ತಾ ಹೋಗುವರು, ಇತ್ತ ಕಡೆ ತಲೆ ತಿರುಗಿಸರು. ನನಗೆ ತಲೆ ಕೆಟ್ಟುಹೋಯಿತು. ಕಡೆಗೆ ಅವರ ಮಗಳನ್ನೇ ಕೇಳಿದೆ. ಅವರ ಊರಿನಲ್ಲಿ ಕೈಗೆ ಕೈ ಕೊಡಬೇಕಂತೆ. ಇವತ್ತು ನಾನು ನಿನ್ನ ಹೊಲದಲ್ಲಿ ಆಲೂಗಡ್ಡೆ ಕಿತ್ತರೆ, ನಾಳೆ ನೀನು ನನ್ನ ಹೊಲಕ್ಕೆ ಬರಬೇಕು. ಕೆಲಸಕ್ಕೆ ವಸ್ತು ಕೊಟ್ಟರೆ, ಇನ್ನು ನಿನ್ನ ಸಹವಾಸ ಸಾಕು ಎಂದಂತೆ. “ನೀವು ಅಮ್ಮನನ್ನು ಕೆಲಸದವಳಂತೆ ಲೆಕ್ಕ ಮುಗಿಸಿ ಕಳಿಸಿದಿರಿ” ಎಂದಳು. ನಾನು ಹಣೆ ಚಚ್ಚಿಕೊಂಡೆ. ಇದು ನಮ್ಮ ಮುಯ್ಯಾಳಲ್ಲವೇ! ನನ್ನ ಅಜ್ಜಿ ಕಳೆ ತೆಗೆಯಲು ಓಣಿಯ ಹೆಂಗಸರೊಂದಿಗೆ ಮಾಡಿಕೊಳ್ಳುತ್ತಿದ್ದದ್ದು ಇದನ್ನೇ. ಹೊಲಕ್ಕೆ ತಿಳಿದದ್ದು ಬಾಣಂತನಕ್ಕೆ ಹೊಳೆಯಲಿಲ್ಲ ನನಗೆ. ಅವರ ಮನೆಗೆ ಓಡಿಹೋಗಿ ಹರಿವಾಣ ವಾಪಸು ಎತ್ತಿಕೊಂಡು, “ಹೇಳ್ರಿ, ಏನ್ ಕೆಲಸ ಮಾಡಲಿ?” ಎಂದೆ.

“ಬೇಕಾದಾಗ ಕೇಳ್ತೇನಿ.”

ನಾನು ಋಣ ಇಟ್ಟುಕೊಂಡು ನಿದ್ದೆ ಮಾಡುವವಳಲ್ಲ. ರಜೆ ಸಿಕ್ಕಾಗಲೆಲ್ಲ ಬೇಲಿಯ ಹತ್ತಿರ ಹೋಗಿ ನಿಲ್ಲುತ್ತಿದ್ದೆ. ಬಟ್ಟೆ ಒಗೆಯಲೇ, ಹಿತ್ತಲು ಅಗೆಯಲೇ? “ಅವಸರ ಯಾಕ್ರಿ” ಎಂದು ನಗುತ್ತಿದ್ದರು. ತಾವು ಮಾತ್ರ ಒಂದು ಗಳಿಗೆ ನಿಂತಲ್ಲಿ ನಿಲ್ಲದವರು ನನಗೆ ತಾಳ್ಮೆ ಹೇಳುತ್ತಿದ್ದರು.

ಎರಡು ವರ್ಷ ಕಳೆದು ಅವರ ಮಗಳು ಮತ್ತೆ ಬಸುರಿಯಾದಳು. ಅದೇ ಹೊತ್ತಿಗೆ ಊರಿನಲ್ಲಿ ತಂಗಿ ಬಿದ್ದು ಸೊಂಟ ಮುರಿದುಕೊಂಡರು, ಆಲೂಗಡ್ಡೆ ಕೀಳುವವರಿಲ್ಲ. ಈ ಸಲ ಪೆಟ್ಟಿಗೆ ನಿಜಕ್ಕೂ ಕಾರು ಹತ್ತಿತು. ಹೊರಡುವ ಮುನ್ನ ನಮ್ಮ ಅಡುಗೆಮನೆಗೆ ಬಂದರು.

“ಈಗ ಕೇಳ್ತೇನಿ. ಹೆರಿಗಿ ಒಳಗ ನಾ ಬಂದ್ರ ಸರಿ. ಬರದಿದ್ರ ನಿಮ್ಮ ಕೈ ನನ್ನ ಮಗಳಿಗೆ ಕೊಡ್ರಿ.”

“ನಿಮ್ಮನ್ನ ಬ್ಯಾಡ ಅಂದಾಕಿ, ನನಗ ಬಾಗಲಾ ತಗೀತಾಳೇನ್ರಿ?”

“ತಗಿಯೂತನಕ ನಿಂದರ್ರಿ.”

ಅವರು ಬರಲಿಲ್ಲ. ಸುಗ್ಗಿ ಮುಗಿಸಿ, ಮಳೆಯಲ್ಲಿ ನೆನೆದು, ಎದೆಗೆ ಕಫ ಕಟ್ಟಿ ಅಲ್ಲಿಯೇ ತೀರಿಕೊಂಡರು. ದಿನ ತುಂಬಿದ್ದ ಮಗಳು ವಿಮಾನ ಹತ್ತುವಂತಿರಲಿಲ್ಲ. ಮಣ್ಣು ಹಾಕುವುದನ್ನು ಆಕೆ ಫೋನಿನಲ್ಲಿ ಕೇಳಿಸಿಕೊಂಡಳು.

ಹೆರಿಗೆಯಾಗಿ ಆಕೆ ಮನೆಗೆ ಬಂದ ಬೆಳಿಗ್ಗೆ ಸಾರಿನ ಪಾತ್ರೆ ಹಿಡಿದು ಹೋದೆ. ಬಾಗಿಲು ಸ್ವಲ್ಪವೇ ತೆರೆಯಿತು. “ಥ್ಯಾಂಕ್ಸ್, ಆದರೆ ನಾವು ಚೆನ್ನಾಗಿದ್ದೇವೆ” ಎಂದು ಮುಚ್ಚಿಕೊಂಡಿತು. ಸರಿ, ನಿಂತೆ. ಬೀದಿಯ ತುಂಬ ಮಂಜು, ಪಾತ್ರೆ ಆರುತ್ತಿದೆ, ಕಾಲು ಸೆಟೆಯುತ್ತಿದೆ, ಮಧ್ಯಾಹ್ನ ನನಗೆ ಡ್ಯೂಟಿ. ಒಂದು ಕಡೆ ಸಿಟ್ಟು, ಇನ್ನೊಂದು ಕಡೆ, ವಾಪಸು ಹೊರಟರೆ ಆಯಮ್ಮನಿಗೆ ಏನು ಹೇಳಲಿ ಎನ್ನುವ ದಿಗಿಲು. ಕಿಟಕಿಯ ಪರದೆ ಸರಿದು ಸರಿದು ಮುಚ್ಚಿತು. ಕೊನೆಗೆ ಆಕೆ ಬಾಗಿಲು ಪೂರ್ತಿ ತೆರೆದು, “ನಿಮಗೆ ಏನು ಬೇಕು?” ಎಂದು ರೇಗಿದಳು.

“ನನಗೇನೂ ಬೇಡ. ನಿಮ್ಮಮ್ಮನಿಗೆ ಕೈ ವಾಪಸು ಕೊಡಬೇಕು.”

ಆಕೆ ಹೊಸ್ತಿಲಲ್ಲೇ ಕುಸಿದು ಕೂತಳು. “ನಾನು ಮಾಡಿಸಿಕೊಳ್ಳಲೇ ಇಲ್ಲ. ಅವಳು ಅಷ್ಟು ದೂರದಿಂದ ಬಂದಿದ್ದಳು” ಎಂದು ಅಳತೊಡಗಿದಳು. ನಾನು ಆಕೆಯನ್ನು ದಾಟಿ ಒಳಗೆ ಹೋಗಿ ಕಿಟಕಿಗಳನ್ನು ಮುಚ್ಚಿದೆ.

ಡ್ಯೂಟಿಯ ನಡುವೆ, ನನ್ನ ಮಗನನ್ನು ಸೊಂಟದ ಮೇಲೆ ಹೊತ್ತುಕೊಂಡು, ದಿನವೂ ಹೋದೆ. ನೀರು ಕಾಯಿಸಿದೆ, ಕೂಸಿಗೆ ಎಣ್ಣೆ ಹಚ್ಚಿದೆ, ಸಾರು ಕುದಿಸಿದೆ. ಮೆಣಸು ಜಾಸ್ತಿ ಎಂದು ಆಕೆ ಗೊಣಗಿದಳು, ಕುಡಿದಳು.

ನಲವತ್ತನೆಯ ದಿನ, ಕೊನೆಯ ದಿನ, ಬೆಳಿಗ್ಗೆ ಎದ್ದು, ತಯಾರಾಗಿ, ಚಪ್ಪಲಿ ಮೆಟ್ಟಿಕೊಂಡು ಮೆಟ್ಟಿಲ ಮೇಲೆ ಕೂತುಬಿಟ್ಟೆ. ಬೇಲಿಯಾಚೆಯಿಂದ ಅವರ ಮಗಳು ಕೂಗಿದಳು. “ಇವತ್ತು ಬರುವುದಿಲ್ಲವೇ?”

“ಇಲ್ಲ.”

“ಇದೊಂದೇ ದಿನ ಉಳಿದಿರುವುದು.”

“ಗೊತ್ತು. ಅದು ಬಾಕಿ ಇರಲಿ.”

ಆಕೆ ತಲೆಯಾಡಿಸಿ, ಕೂಸನ್ನು ಹೊದಿಕೆಯೊಳಗೆ ಎಳೆದುಕೊಂಡು ಒಳಗೆ ಹೋದಳು. ಆ ದಿನವನ್ನು ನಾನು ಇವತ್ತಿಗೂ ಕೊಟ್ಟಿಲ್ಲ.