ಹಸಿರು ಬಳೆ ಎಲ್ಲಿ ಎಂದು ಕೇಳಿದ ತಪ್ಪಿಗೆ

ನನ್ನ ಬಾಯಿಯಿಂದ ಒಬ್ಬಳ ನೌಕರಿ ಹೋಯಿತು.

ಉತ್ಪ್ರೇಕ್ಷೆ ಅಂದುಕೊಳ್ಳಬೇಡಿ. ನನ್ನ ಸ್ವಭಾವ ನಿಮಗೆ ಗೊತ್ತೇ ಇದೆ. ಗ್ಯಾಸ್ ಬಂದ್ ಮಾಡಿದ್ದೇನೋ ಇಲ್ಲವೋ ಎಂಬ ಅನುಮಾನಕ್ಕೆ ಲೋಕಾಪುರದಲ್ಲಿ ಬಸ್ಸಿಳಿದು ಬನಹಟ್ಟಿಗೆ ವಾಪಸ್ ಬಂದವನು ನಾನು. (ಬಂದ್ ಆಗಿತ್ತು.) ಚಿಂತೆ ಮಾಡುವುದು ನನ್ನ ಚಟ. ಅದರಿಂದ ಇದುವರೆಗೆ ಹಾಳಾದದ್ದು ನನ್ನ ನಿದ್ದೆ ಮಾತ್ರ. ಈ ಸಲ ಹಾಗಾಗಲಿಲ್ಲ.

ನಮ್ಮ ಓಣಿಯಲ್ಲಿ ಮಹಾನಂದಾ ಎಂಬ ಹುಡುಗಿ ಇದ್ದಾಳೆ. ನಮ್ಮಿಂದ ಮೂರನೇ ಮನೆಯ ಸೊಸೆ. ಗಂಡ ಪವರ್‌ಲೂಮ್ ನೇಯುತ್ತಾನೆ. ಇವಳು ಒಂದು ಸರ್ಕಾರಿ ಕಚೇರಿಯಲ್ಲಿ ಕಂಪ್ಯೂಟರ್ ಆಪರೇಟರ್. ಸರ್ಕಾರಿ ಕಚೇರಿಯಲ್ಲಿ ಅಂದೆ, ಸರ್ಕಾರಿ ನೌಕರಿ ಅನ್ನಲಿಲ್ಲ. ಕುರ್ಚಿ ಸರ್ಕಾರದ್ದು, ಕುಳಿತವಳು ಏಜೆನ್ಸಿಯವಳು. ಹನ್ನೊಂದು ತಿಂಗಳಿಗೊಮ್ಮೆ ಕಾಂಟ್ರ್ಯಾಕ್ಟ್ ಮುಗಿಯುತ್ತದೆ. ಹೊಸ ಲಿಸ್ಟ್ ಬರುತ್ತದೆ. ಹೆಸರಿದ್ದರೆ ಇನ್ನೊಂದು ಹನ್ನೊಂದು ತಿಂಗಳು. ಇದುವರೆಗೆ ನಾಲ್ಕು ಸಲ ಅವಳ ಹೆಸರು ಬಂದಿತ್ತು.

ಕಳೆದ ತಿಂಗಳು ಒಂದು ಭಾನುವಾರ ಅವಳಿಗೆ ಐದು ತಿಂಗಳ ಕುಬಸ, ಅಂದರೆ ಸೀಮಂತ. ಹಸಿರು ಸೀರೆ, ಮುಡಿತುಂಬ ಹೂವು, ಎರಡೂ ಕೈಗೆ ಹಸಿರು ಗಾಜಿನ ಬಳೆ. ಗಂಡಸರಿಗೆ ಅಲ್ಲಿ ಉಣ್ಣುವ ಕೆಲಸ ಮಾತ್ರ. ಅದನ್ನು ನಾನು ಚೆನ್ನಾಗಿಯೇ ಮಾಡಿದೆ. ಹಾಗಾಗಿ ಬಳೆ ಇಡಿಸುವಾಗ ನಡೆದದ್ದು ನನಗೆ ಗೊತ್ತಾದದ್ದು ಆಮೇಲೆ, ಹೆಂಡತಿಯಿಂದ. ಮಹಾನಂದಾ ಬಳೆಗಾರನಿಗೆ, “ಒಂದು ಸೈಜ್ ದೊಡ್ಡವು ಇಡ್ರಿ, ಬಿಗಿ ಬ್ಯಾಡ್ರಿ” ಎಂದಳಂತೆ. ಮುತ್ತೈದೆಯರು ಬಿಡುತ್ತಾರೆಯೇ? “ಯಾಕಬೇ, ಕೂಸಿನ ಕೈನೂ ಇದರಾಗ ತೂರಸಾಕಿ ಏನು?” ಅಂತ ಒಬ್ಬಾಕೆ ಅಂದಳಂತೆ. ಎಲ್ಲರೂ ನಕ್ಕರಂತೆ. ಅವಳೂ ನಕ್ಕಳಂತೆ.

ಬುಧವಾರ ನಾನು ಅದೇ ಕಚೇರಿಗೆ ಹೋದೆ. ಹೊಲದ ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ನಮ್ಮಪ್ಪನ ಹೆಸರು ತಪ್ಪಾಗಿ ಬಿದ್ದಿತ್ತು. ಅದನ್ನು ತಿದ್ದಿಸಲು ಒಂದು ವರ್ಷದಿಂದ ಓಡಾಡುತ್ತಿದ್ದೆ. ಕೌಂಟರ್ ಮುಂದೆ ಏಳೆಂಟು ಜನರ ಸಾಲು. ಒಳಗೆ ಮಹಾನಂದಾ, ಅಗಲವಾದ ದುಪಟ್ಟಾ ಹೊದ್ದು ಕುಳಿತಿದ್ದಳು. ನನ್ನ ಪಾಳಿ ಬಂತು. ಕಾಗದ ಇಸಿದುಕೊಳ್ಳಲು ಕೈ ಚಾಚಿದಳು.

ಕೈ ಬರಿದು. ಒಂದು ವಾಚ್ ಬಿಟ್ಟರೆ ಏನೂ ಇಲ್ಲ.

ಕುಬಸದ ಬಳೆಯನ್ನು ಮೂರೇ ದಿನಕ್ಕೆ ಯಾರು ತೆಗೆಯುತ್ತಾರೆ? ಏನೋ ಕೆಟ್ಟದ್ದಾಗಿದೆ ಎಂದುಕೊಂಡೆ.

“ಯಾಕವ್ವಾ ಮಹಾನಂದಾ, ಹಸರ ಬಳಿ ಎಲ್ಲಿ? ಮೊನ್ನಿ ಐತವಾರನ ಕುಬಸ ಆಗೇತಿ. ಹೊಟ್ಯಾಗಿನ ಕೂಸು ಆರಾಮ ಐತಿಲ್ಲೋ?”

ಇಪ್ಪತ್ತು ವರ್ಷ ಮೈಕ್ ಇಲ್ಲದೆ ಪಾಠ ಮಾಡಿದ ದನಿ. ಸಾಲಿನವರೆಲ್ಲ ತಿರುಗಿ ನೋಡಿದರು. ಅವಳ ಹಿಂದಿನ ಟೇಬಲ್ಲಿನಲ್ಲಿ ಏಜೆನ್ಸಿಯ ಸುಪರ್‌ವೈಸರ್ ಕುಳಿತಿದ್ದ. ಮೊಬೈಲಿನಿಂದ ತಲೆ ಎತ್ತಿ, “ಹೌದೇನ್ರಿ ಮೇಡಂ? ಹೇಳೇ ಇಲ್ಲಲ್ರಿ! ಕಂಗ್ರಾಟ್ಸ್” ಎಂದ. ನಗುತ್ತಲೇ ಎಂದ.

ಮಹಾನಂದಾ ನನ್ನತ್ತ ನೋಡಲಿಲ್ಲ. “ನಿಮ್ಮ ಕೆಲಸಾ ಆಗೇತ್ರಿ ಸರ್, ತಗೋರಿ” ಎಂದು ಹೊಸ ಉತಾರ ಕೊಟ್ಟಳು. ದಿನಾ ಕಾಕಾ ಅನ್ನುವವಳು ಅಂದು ಸರ್ ಅಂದಳು. ಉತಾರದಲ್ಲಿ ಅಪ್ಪನ ಹೆಸರು ಸರಿಯಾಗಿತ್ತು.

ಹದಿನೈದು ದಿನಕ್ಕೆ ಲಿಸ್ಟ್ ಬಂತು. ಅದರಲ್ಲಿ ಅವಳ ಹೆಸರಿರಲಿಲ್ಲ.

ಅಂದು ಸಂಜೆ ನಮ್ಮ ಮನೆಗೆ ಬಂದು ಎಲ್ಲ ಹೇಳಿದಳು. ದಿನಾ ಮುಂಜಾನೆ ಓಣಿಯ ತಿರುವು ದಾಟಿದ ಮೇಲೆ ಬಳೆ ತೆಗೆದು, ಕರವಸ್ತ್ರದಲ್ಲಿ ಸುತ್ತಿ ಟಿಫಿನ್ ಚೀಲದಲ್ಲಿ ಇಡುತ್ತಿದ್ದಳು. ಸಂಜೆ ಅದೇ ತಿರುವಿನಲ್ಲಿ ಮತ್ತೆ ಹಾಕಿಕೊಳ್ಳುತ್ತಿದ್ದಳು, ಅತ್ತೆಗೆ ಗೊತ್ತಾಗದಂತೆ. ಒಂದು ಸೈಜ್ ದೊಡ್ಡ ಬಳೆ ಕೇಳಿದ್ದು ಅದಕ್ಕೆ. ಇದೇ ಏಜೆನ್ಸಿಯಲ್ಲಿ ಬೀಳಗಿಯ ಒಬ್ಬ ಹುಡುಗಿ ಬಸುರಿ ಎಂದು ಗೊತ್ತಾದ ಮೇಲೆ ಲಿಸ್ಟಿನಲ್ಲಿ ಅವಳ ಹೆಸರು ಬಂದಿರಲಿಲ್ಲವಂತೆ.

“ಹಾಜರಿ ಹಾಕೂ ಆ್ಯಪ್ ಮಾರಿ ಅಷ್ಟ ನೋಡತೈತ್ರಿ ಕಾಕಾ. ಹೊಟ್ಟಿ ನೋಡೂದಿಲ್ಲ. ಲಿಸ್ಟ್ ಬರೂತನಕಾ ಮುಚ್ಚಿಟ್ರ ಸಾಕಿತ್ತು. ಹದಿನೈದು ದಿನಾ ಅಷ್ಟ.”

ನನ್ನ ಹೆಂಡತಿ ಹೇಳಿದಳು: “ಇವರ ಬಾಯಿಗೆ ಒಂದು ಬಾಗಲಾ ಇಡಸಬೇಕಿತ್ತವಾ. ಕೀಲಿ ನನ್ನ ಕೈಯಾಗ ಇರತಿತ್ತು.”

ತಪ್ಪು ಮಾಡಿದವನಿಗೆ ಓಡಾಟ ಜಾಸ್ತಿ. ಕಾಯ್ದೆ ಓದಿದೆ. ವರ್ಷದಲ್ಲಿ ಎಂಬತ್ತು ದಿನ ದುಡಿದಿದ್ದರೆ ಇಪ್ಪತ್ತಾರು ವಾರ ಸಂಬಳದ ರಜೆ. ಬಸುರಿ ಎಂಬ ಕಾರಣಕ್ಕೆ ಕೆಲಸದಿಂದ ತೆಗೆಯುವಂತಿಲ್ಲ. ಕಾಂಟ್ರ್ಯಾಕ್ಟಿನವರಿಗೆ ಇದು ಇಲ್ಲ ಎಂದು ಎಲ್ಲೂ ಬರೆದಿಲ್ಲ. ಎಷ್ಟು ಚೆಂದದ ಕಾಯ್ದೆ! ಪ್ರಿಂಟ್ ತೆಗೆದುಕೊಂಡು ಹೋದೆ.

ಕಚೇರಿಯ ಸಾಹೇಬರು ಕಾಗದ ಮುಟ್ಟಲಿಲ್ಲ. “ಅವರು ನಮ್ಮ ಸ್ಟಾಫ್ ಅಲ್ರಿ ಸರ್. ಏಜೆನ್ಸಿಯವರನ್ನ ಕೇಳ್ರಿ.”

ಸುಪರ್‌ವೈಸರ್ ಚಹಾ ತರಿಸಿದ. “ನಾವೆಲ್ಲಿ ತಗದೇವ್ರಿ? ಕಾಂಟ್ರ್ಯಾಕ್ಟ್ ಮುಗೀತು, ಅಷ್ಟ. ಕಾಯ್ದೆ ಖರೆ ಐತ್ರಿ. ಆದ್ರ ನೌಕರಿ ಇದ್ದಾಗ ರಜಾ, ನೌಕರೀನ ಇಲ್ಲಂದ್ರ ಎಲ್ಲಿಂದ ರಜಾ ಕೊಡೂದ್ರಿ?”

ಚಹಾ ಛಲೋ ಇತ್ತು. ಕುಡಿದು ಬಂದೆ.

ಒಂದು ಮಾತು ಇಲ್ಲಿ ಹೇಳಲೇಬೇಕು. ನನ್ನ ಮಗಳು ಹುಟ್ಟಿದಾಗ ನನಗೆ ಹದಿನೈದು ದಿನ ಸಂಬಳದ ರಜೆ ಸಿಕ್ಕಿತ್ತು. ಹೆತ್ತವಳು ಹೆಂಡತಿ. ನಾನು ಮನೆಯಲ್ಲಿ ಕುಳಿತು, ಕೂಸು ಯಾಕೆ ಸೀನಿತು ಎಂದು ಚಿಂತೆ ಮಾಡಿದೆ. ಅದಕ್ಕೂ ಸಂಬಳ ಬಂತು. ನಾನು ಪರ್ಮನೆಂಟ್, ನೋಡಿ. ಹೆರುವವಳಿಗೆ ರಜೆ ಇಲ್ಲದ, ಸೀನು ಎಣಿಸುವವನಿಗೆ ರಜೆ ಇರುವ ವ್ಯವಸ್ಥೆಯಲ್ಲಿ ನಾನು ಇಷ್ಟು ವರ್ಷ ಆರಾಮಾಗಿ ಇದ್ದೆನಲ್ಲ?

ಮಹಾನಂದಾ ನನ್ನ ಹಾಗೆ ಚಹಾ ಕುಡಿದು ಬರಲಿಲ್ಲ. ಕಾರ್ಮಿಕ ಅಧಿಕಾರಿಗೆ ದೂರು ಕೊಟ್ಟಳು. ಏಜೆನ್ಸಿ ಉತ್ತರ ಬರೆದಿದೆ. ಮೊನ್ನೆ ಅದನ್ನು ತಂದು ನನ್ನ ಮುಂದೆ ಇಟ್ಟಳು. ಮೊಣಕೈವರೆಗೂ ಹಸಿರು ಬಳೆ ಸದ್ದು ಮಾಡುತ್ತಿದ್ದವು. ನಾನು ನೋಡಿದ್ದನ್ನು ನೋಡಿ, “ಈಗ ತಗಿಯೂ ಜರೂರ ಇಲ್ಲಲ್ರಿ” ಎಂದಳು.

ಉತ್ತರದ ಕೊನೆಯ ಸಾಲು: ಸದರಿಯವರು ಗರ್ಭಿಣಿ ಎಂಬ ವಿಷಯ ನಮ್ಮ ಗಮನಕ್ಕೆ ಬಂದಿರಲಿಲ್ಲ.

“ಅವತ್ತ ಪಾಳಿಯೊಳಗ ನಿಂತಾವರನ್ನ ಕೇಳಿದ್ನಿ. ಯಾರಿಗೂ ನೆನಪಿಲ್ಲಂತ. ಸೋಮವಾರ ಜಮಖಂಡ್ಯಾಗ ವಿಚಾರಣಿ ಐತಿ. ಆ ಸುಪರ್‌ವೈಸರಗ ಗೊತ್ತಿತ್ತು ಅನ್ನಾಕ ನೀವೊಬ್ಬರ ಸಾಕ್ಷಿ. ಬಂದು ಹೇಳ್ತೀರೇನು ಕಾಕಾ?”

ಅದೇ ಕಚೇರಿಯಲ್ಲಿ ನನ್ನ ಇನ್ನೊಂದು ಹೊಲದ ಉತಾರ ಬಾಕಿ ಇದೆ. ಆ ಕ್ಷಣ ನನಗೆ ನೆನಪಾದದ್ದು ಅದು. ನಾಚಿಕೆಯಾಗುತ್ತದೆ, ಆದರೆ ಅದೇ.

“ಬರ್ತೇನವ್ವಾ” ಎಂದೆ. ಹೆಂಡತಿ ನನ್ನನ್ನೇ ನೋಡುತ್ತಿದ್ದಳು.

ಮಹಾನಂದಾ ಮುಂದೆ ಬಾಗಿದಳು. “ಏನಂದ್ರಿ?”

“ಬರ್ತೇನು ಅಂದೆ.”

“ಅಲ್ಲಿ ಹಿಂಗ ಅಂದ್ರ ಯಾರಿಗೂ ಕೇಳಸೂದಿಲ್ರಿ ಕಾಕಾ. ಅವತ್ತ ಹೆಂಗ ಅಂದಿದ್ರಿ, ಹಂಗ ಹೇಳ್ರಿ.”