ನಮ್ಮಕ್ಕನ ಮೇಣದ ಹಾಳೆ

ನಮ್ಮೂರಲ್ಲಿ ಬಾಯ್ತುಂಬ ನಗುವ ಮುದುಕರಲ್ಲಿ ಅರ್ಧ ಜನ ನಗುವುದು ನಮ್ಮಕ್ಕ ಮಾಡಿದ ಹಲ್ಲು ತೋರಿಸಿಕೊಂಡು. ಇದನ್ನು ನಾನು ಜಂಬಕ್ಕೆ ಹೇಳುತ್ತಿಲ್ಲ. ಸರಿ, ಜಂಬಕ್ಕೇ ಹೇಳುತ್ತಿದ್ದೇನೆ, ಏನೀಗ? ಅಕ್ಕ ಒಬ್ಬ ಹಲ್ಲಿನ ಡಾಕ್ಟರ ಹತ್ತಿರ ಕಟ್ಟುಹಲ್ಲು ಮಾಡುವ ಕೆಲಸಕ್ಕೆ ಸೇರಿ ಮೂವತ್ತೆರಡು ವರ್ಷವಾಯಿತು. ವರ್ಷಕ್ಕೊಂದು ಹಲ್ಲಿನ ಹಾಗೆ ಬಾಯಿ ಭರ್ತಿಯಾಯಿತಲ್ಲ ಎಂದು ನಾನು ಅವಳನ್ನು ರೇಗಿಸುತ್ತಿರುತ್ತೇನೆ.

ಡಾಕ್ಟರು ಇರುವುದು ಮುಂದಿನ ಕೋಣೆಯಲ್ಲಿ. ಅಲ್ಲಿ ಮೆತ್ತನೆಯ ಕುರ್ಚಿ, ತಣ್ಣನೆ ಗಾಳಿ, ಗೋಡೆಯ ಮೇಲೆ ನಗುವ ಮಗುವಿನ ಚಿತ್ರ. ಅಕ್ಕ ಇರುವುದು ಹಿಂದಿನ ಕೋಣೆಯಲ್ಲಿ. ಅಲ್ಲಿ ಪ್ಲಾಸ್ಟರ್ ಚೀಲಗಳು, ಹಲ್ಲು ಉಜ್ಜಿ ನಯ ಮಾಡುವ ಮೋಟಾರು, ಸ್ಪಿರಿಟ್ ದೀಪ, ಗುಲಾಬಿ ಬಣ್ಣದ ಮೇಣದ ಹಾಳೆಗಳು. ಗೋಡೆಯುದ್ದಕ್ಕೂ ನಂಬರ್ ಚೀಟಿ ಅಂಟಿಸಿದ ಪ್ಲಾಸ್ಟರ್ ದವಡೆಗಳು ಸಾಲಾಗಿ ಬಾಯಿ ಬಿಟ್ಟುಕೊಂಡು ಕೂತಿರುತ್ತವೆ. ಮುಂದಿನಿಂದ ಅಳತೆ ಬರುತ್ತದೆ, ಹಿಂದಿನಿಂದ ಹಲ್ಲು ಹೋಗುತ್ತದೆ. ಥ್ಯಾಂಕ್ಸ್ ಎಲ್ಲ ಮುಂದಿನ ಕೋಣೆಯಲ್ಲೇ ಮುಗಿದುಹೋಗುತ್ತದೆ. ಆದರೆ ಬಸ್ ಸ್ಟಾಪಿನಲ್ಲಿ ಯಾರೋ ಹಿರಿಯರು ಗಹಗಹಿಸಿ ನಕ್ಕರೆ ಅಕ್ಕ ನನ್ನ ಮೊಣಕೈಗೆ ತಿವಿದು, "ನೂರಾ ಹದಿನಾಲ್ಕು ಕಣೋ, ನಂದು" ಎನ್ನುತ್ತಾಳೆ. ಮುಖ, ಹೆಸರು ಒಂದೂ ಗೊತ್ತಿರುವುದಿಲ್ಲ ಅವಳಿಗೆ, ದವಡೆ ಮಾತ್ರ ಗೊತ್ತು.

ಅಕ್ಕ ನಮ್ಮ ಜೊತೆಗೇ ಇದ್ದಾಳೆ. ಸರಿಯಾಗಿ ಹೇಳಬೇಕೆಂದರೆ ನಾನು, ನನ್ನ ಹೆಂಡತಿ ಅವಳ ಜೊತೆಗಿದ್ದೇವೆ. ಮನೆ ಅವಳು ದುಡಿದು ಕಟ್ಟಿಸಿದ್ದು.

ಇನ್ನು ನಾನು. ಜನರಿಗೆ ಕಾರು ಓಡಿಸುವುದನ್ನು ಕಲಿಸುವವನು. ಪಕ್ಕದ ಸೀಟಿನಲ್ಲಿ ಕೂತು, ನನ್ನ ಕಾಲಡಿಗೂ ಒಂದು ಬ್ರೇಕು ಹಾಕಿಸಿಕೊಂಡು, ಬೆಳಗಿನಿಂದ ಸಂಜೆಯವರೆಗೆ ಕೂಗುವುದೇ ನನ್ನ ಕಸುಬು. ಸಿಟ್ಟು ಮೂಗಿನ ತುದಿಯಲ್ಲೇ. "ಕಾರಲ್ಲಿ ಕೂಗಿ ಉಳಿದಿದ್ದನ್ನ ಮನೆಗೆ ಕಟ್ಟಿಸ್ಕೊಂಡು ಬರ್ತೀರಾ?" ಎಂದು ಹೆಂಡತಿ ಕೇಳುತ್ತಾಳೆ. ಅಂಥ ನಾನು ಹೋಗಿ ಹೋಗಿ ಅಂಗೈಯಗಲದ ಒಂದು ನಾಯಿಮರಿಗೆ ಮರುಳಾದೆ. ಪುಟ್ಟ ಜಾತಿಯದು, ಉದ್ದ ಕೂದಲು, ಕಪ್ಪು ಮೂತಿ. ನೋಡಿದ ತಕ್ಷಣ ಹೆಂಡತಿ, "ಅಯ್ಯೋ, ಗುಲಗಂಜಿ ಹಾಗಿದೆಯಲ್ರೀ!" ಎಂದಳು. ಗುಲಗಂಜಿ ಎಂಬ ಹೆಸರೇ ನಿಂತಿತು.

ಬಂದ ಹೊಸತರಲ್ಲಿ ಡ್ರೈ ಫುಡ್ಡಿನ ಕಾಳುಗಳನ್ನು ಕಟಕಟ ತಿಂದುಕೊಂಡಿತ್ತು. ಐದು ತಿಂಗಳು ತುಂಬುವ ಹೊತ್ತಿಗೆ ಅದರ ತಲೆಗೆ ಏನು ಹೊಕ್ಕಿತೋ, ಮೂಸಿ ನೋಡುವುದು, ಒಂದು ಕಾಳು ಬಾಯಿಗೆ ಹಾಕಿಕೊಳ್ಳುವುದು, ಉಗುಳಿ ಹೋಗಿ ಮೂಲೆಯಲ್ಲಿ ಮಲಗುವುದು. ಹೆಂಡತಿ ಬೇಯಿಸಿದ ಕೋಳಿ ಎಳೆಎಳೆ ಬಿಡಿಸಿ ಕಾಳಿಗೆ ಬೆರೆಸಿದಳು. ಮಹಾರಾಣಿ ಕೋಳಿಯ ನೀರನ್ನಷ್ಟೇ ನೆಕ್ಕಿ ಕಾಳುಗಳನ್ನು ತಟ್ಟೆಯ ಅಂಚಿಗೆ ಸರಿಸಿಟ್ಟಿತು. ಮೊಟ್ಟೆ ಹಾಕಿದರೂ ಅದೇ ಕತೆ. "ಬಾರೇ ನನ್ನ ಬಂಗಾರ, ಒಂದೇ ಒಂದು" ಎಂದು ಇವಳು ಬೊಗಸೆಯಲ್ಲಿ ಕಾಳು ಹಿಡಿದು ಮನೆಯೆಲ್ಲ ಹಿಂದೆ ಹಿಂದೆ ಓಡುವುದನ್ನು ನೋಡಿ ನನಗೆ ಮೈಯೆಲ್ಲ ಉರಿಯಿತು.

ಮರಿಯನ್ನು ನಾಯಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಹೊರಗೆ ಹತ್ತು ನಾಯಿ, ನಾಲ್ಕು ಬೆಕ್ಕು ಕಾಯುತ್ತಿದ್ದವು. ಬಾಯಿ ತೆರೆಸಲು ಹೋದರೆ ಗುಲಗಂಜಿ ಅವರ ಬೆರಳಿಗೇ ಬಾಯಿ ಹಾಕಿತು. "ಮುದ್ದು ಮಾಡಿ ಕೆಡಿಸಿದೀರ. ಇಪ್ಪತ್ತು ನಿಮಿಷ ತಟ್ಟೆ ಇಡಿ, ತಿನ್ನದಿದ್ರೆ ಎತ್ತಿಡಿ. ಹಸಿವಾದಾಗ ತಾನಾಗೇ ತಿನ್ನುತ್ತೆ" ಎಂದರು. ನನಗೆ ಬೇಕಾದ ಮಾತನ್ನೇ ಆಡಿದರು! ಮನೆಗೆ ಬಂದವನೇ ಸಾರಿಬಿಟ್ಟೆ. ಕೋಳಿ ಇಲ್ಲ, ಮೊಟ್ಟೆ ಇಲ್ಲ, ಬೊಗಸೆ ಇಲ್ಲ. ಗಡಿಯಾರ ನೋಡಿಕೊಂಡು ತಟ್ಟೆ ಇಟ್ಟೆ, ಗಡಿಯಾರ ನೋಡಿಕೊಂಡು ಎತ್ತಿದೆ. "ಒಂಚೂರು ನೀರಲ್ಲಾದ್ರೂ ನೆನೆಸಿ ಕೊಡ್ಲಾ?" ಎಂದು ಹೆಂಡತಿ ಕೇಳಿದರೆ, "ಒಣ ಅಂದ್ರೆ ಒಣ!" ಎಂದು ಗದರಿದೆ. ಎರಡು ದಿನ ಹೀಗೇ ನಡೆಯಿತು.

ಮೂರನೆಯ ದಿನ ಬೆಳಿಗ್ಗೆ ಮರಿ ಬಾಗಿಲ ಬಳಿ ಬಂದು ತೂರಾಡಿತು, ಕಾಲು ಮಡಿಚಿ ಬಿದ್ದಿತು. ಎತ್ತಿದರೆ ಒದ್ದೆ ಬಟ್ಟೆಯ ಹಾಗೆ ಕೈಯಲ್ಲಿ ಜೋತುಬಿತ್ತು. ಕೆಂಪು ದೀಪ, ಹಸಿರು ದೀಪ ನೋಡದೆ ಕಾರು ಓಡಿಸಿದೆ. ಡಾಕ್ಟರು ವಸಡಿಗೆ ಸಕ್ಕರೆ ನೀರು ಸವರಿ, ಡ್ರಿಪ್ ಹಾಕಿ ಉಳಿಸಿಕೊಟ್ಟರು. ಮರಿಗಳನ್ನು ಇಷ್ಟು ಹೊತ್ತು ಖಾಲಿ ಹೊಟ್ಟೆಯಲ್ಲಿ ಬಿಡಬಾರದಿತ್ತು, ಅದನ್ನು ತಾನೇ ಬಿಡಿಸಿ ಹೇಳಬೇಕಿತ್ತು ಎಂದು ಅವರೂ ಒಪ್ಪಿಕೊಂಡರು. ತಕ್ಕಡಿಯಲ್ಲಿ ಮರಿ ಒಂದೂವರೆ ಕಿಲೋ ಕೂಡ ತೂಗಲಿಲ್ಲ. "ಇನ್ನೊಂದು ಸಲ ಹೀಗೆ ಬಿದ್ರೆ ಉಳಿಯೋದು ಕಷ್ಟ" ಎಂದರು. ನಾನು ಹೆದರಿಹೋದೆ. ಎಷ್ಟೆಂದರೆ ಅವತ್ತು ಕಾರು ಕಲಿಯಲು ಬಂದವನೊಬ್ಬ ಗೇರು ತಪ್ಪಿಸಿದರೂ ನಾನು ಒಂದು ಮಾತು ಆಡಲಿಲ್ಲ. ಅವನೇ ಗಾಬರಿಯಾಗಿ, "ಸಾರ್, ಹುಷಾರಾಗಿದೀರಾ?" ಎಂದು ಕೇಳಿದ.

ಸಂಜೆ ಅಕ್ಕ ಕೆಲಸದಿಂದ ಬಂದಳು. ಅವಳಿಗೆ ನಾಯಿಯೆಂದರೆ ಅಷ್ಟಕ್ಕಷ್ಟೆ, ಅಲ್ಲಿಯವರೆಗೆ ಮರಿಯ ಗೊಡವೆಗೇ ಹೋದವಳಲ್ಲ. ಉಗುರಿನ ಸಂದಿಯ ಪ್ಲಾಸ್ಟರ್ ತೊಳೆದುಕೊಂಡು, ಅಡುಗೆಮನೆ ಗುಡಿಸಲು ಹೋದವಳು ಮೇಜಿನ ಕೆಳಗೆ ಕೂತೇಬಿಟ್ಟಳು. ಕೈಯಲ್ಲಿ ಗುಲಗಂಜಿ ಉಗುಳಿದ ಮೂರು ಕಾಳು. ದೀಪದ ಕೆಳಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು.

"ಮರಿ ಇದನ್ನ ಕಚ್ಚಿದೆ ಕಣೋ," ಎಂದಳು.

"ಕಚ್ಚಿ ಏನ್ ಬಂತು, ಉಗುಳಿದೆಯಲ್ಲ ಕೊಬ್ಬು ಹೆಚ್ಚಾಗಿ!"

"ಬೇಡ ಅನ್ನೋದು ಮೂಸಿ ಬಿಡುತ್ತೆ. ಇದು ಬೇಕು ಅಂತ ಕಚ್ಚಿ, ಆಗ್ದೆ ಬಿಟ್ಟಿದೆ. ಮೂರರಲ್ಲೂ ಒಂದು ಕಡೆ ಗುರುತು ಆಳವಾಗಿದೆ, ಇನ್ನೊಂದು ಕಡೆ ಬರೀ ಗೀರು. ಅದಕ್ಕೆ ಹಟ ಅಲ್ವೋ, ನೋವು."

ನಾನು ಬಾಯಿ ತೆರೆದೆ. ಅವಳು, "ನೀನು ಸುಮ್ನಿರು" ಎಂದಳು. ಅಕ್ಕ ಹಾಗೆ ಹೇಳುವುದು ವರ್ಷಕ್ಕೊಂದು ಸಲ. ಹೇಳಿದಾಗ ನಾನು ಸುಮ್ಮನಿರುತ್ತೇನೆ.

ಚೀಲದಿಂದ ಗುಲಾಬಿ ಮೇಣದ ಹಾಳೆಯೊಂದನ್ನು ತೆಗೆದಳು. ಹಲ್ಲಿನವರ ಹತ್ತಿರ ಹೋದವರಿಗೆ ಗೊತ್ತಿರುತ್ತದೆ, ಬಿಸಿ ಮಾಡಿದ ಮೇಣವನ್ನು ಬಾಯಲ್ಲಿಟ್ಟು "ಕಚ್ಚಿ" ಎನ್ನುತ್ತಾರಲ್ಲ, ಅದೇ. ಮೇಲಿನ ಹಲ್ಲು, ಕೆಳಗಿನ ಹಲ್ಲು ಎಲ್ಲಿ ಕೂಡುತ್ತವೆ ಎಂಬುದು ಅದರಲ್ಲಿ ಮೂಡುತ್ತದೆ. ಆ ಗುರುತನ್ನು ಓದಿಯೇ ಅಕ್ಕ ಹಲ್ಲು ಕೂರಿಸುವುದು. ತುಂಡು ಮಾಡಿ, ಬಿಸಿನೀರಿಗೆ ಅದ್ದಿ ಮೆತ್ತಗೆ ಮಾಡಿ, ಎರಡಾಗಿ ಮಡಿಚಿ, ಅವತ್ತು ಹೆಂಡತಿ ಮರಿಗೆಂದು ಮತ್ತೆ ಬೇಯಿಸಿದ್ದ ಕೋಳಿಯ ನೀರನ್ನು ಮೇಲೆ ಚೂರು ಸವರಿದಳು. ಒಂದು ತುದಿಯನ್ನು ಬಿಗಿಯಾಗಿ ಹಿಡಿದು ಮೂತಿಯ ಮುಂದೆ ಚಾಚಿದಳು. ಗುಲಗಂಜಿ ನೆಕ್ಕಿತು, ಆಸೆ ತಡೆಯದೆ ಒಮ್ಮೆ ಕಚ್ಚಿತು, "ಕುಂಯ್" ಎಂದು ಬಿಟ್ಟು ನನ್ನ ತೊಡೆಯೇರಿತು. ನಾನು ಹಟಮಾರಿ, ಕೊಬ್ಬು ಎಂದೆಲ್ಲ ಬೈದ ಮರಿ ನನ್ನ ತೊಡೆಯನ್ನೇ ಹುಡುಕಿಕೊಂಡು ಬಂದಿತಲ್ಲ, ನನಗೆ ನನ್ನ ಮೇಲೇ ಅಸಹ್ಯವಾಯಿತು.

ಅಕ್ಕ ಮೇಣವನ್ನು ತಣ್ಣೀರಿಗೆ ಹಾಕಿ ಗಟ್ಟಿ ಮಾಡಿ ತೋರಿಸಿದಳು. "ಇಲ್ಲಿ ನೋಡು. ಕೆಳಗೆ ಎಡಗಡೆ ಕೋರೆಹಲ್ಲು ಇರೋ ಕಡೆ ಒಂದು ತೂತಿರ್ಬೇಕು, ಎರಡಿದೆ. ಹಾಲುಹಲ್ಲು ಬಿದ್ದೇ ಇಲ್ಲ. ಹೊಸದಕ್ಕೆ ಜಾಗ ಸಿಗ್ದೆ ಒಳಗಡೆಯಿಂದ ಎದ್ದಿದೆ. ಬಾಯಿ ಮುಚ್ಚಿದಾಗೆಲ್ಲ ಅಂಗುಳಕ್ಕೆ ಚುಚ್ತಿದೆ ಪಾಪ." ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನು ಒಲೆಯ ಕಡೆಗೆ ತಿರುಗಿ ನಿಂತೆ.

ಮರುದಿನ ಬಾಗಿಲು ತೆಗೆಯುವ ಮೊದಲೇ ಮೂವರೂ ನಾಯಿ ಡಾಕ್ಟರ ಮುಂದೆ ಹಾಜರು. ಅಕ್ಕ ಎಂದಿನಂತೆ ನಮ್ಮ ಹಿಂದೆ, ಬಾಗಿಲ ಪಕ್ಕದಲ್ಲಿ ನಿಂತಳು. ನಾನು ಮೇಣವನ್ನು ಮೇಜಿನ ಮೇಲಿಟ್ಟೆ. ಡಾಕ್ಟರು ಮೊದಲು ನಕ್ಕರು. ಆಮೇಲೆ ಕನ್ನಡಕ ಹಾಕಿಕೊಂಡರು. ಆಮೇಲೆ ಕಿಟಕಿಯ ಹತ್ತಿರ ಹೋದರು.

"ಇದನ್ನ ತೆಗೆದವರು ಯಾವ ಡಾಕ್ಟರು?"

"ಡಾಕ್ಟರಲ್ಲ ಸ್ವಾಮಿ, ನಮ್ಮಕ್ಕ!" ಎಂದೆ. ಹೊರಗೆ ಕಾಯುತ್ತಿದ್ದ ನಾಯಿಗಳೆಲ್ಲ ಬೊಗಳಿದವು, ಅಷ್ಟು ಜೋರಾಗಿ ಹೇಳಿದ್ದೆನಂತೆ.

ಅವರು ಮರಿಗೆ ಮತ್ತು ಬರಿಸಿ ನೋಡಿದರು. ಅಕ್ಕ ಹೇಳಿದ್ದು ಹೇಳಿದ ಹಾಗೇ ಇತ್ತು. ಅಂಗುಳದಲ್ಲಿ ಸಾಸಿವೆಯಷ್ಟು ಗಾಯ. ಇನ್ನೊಂದು ತಿಂಗಳು ಬಿಟ್ಟಿದ್ದರೆ ತೂತೇ ಆಗುತ್ತಿತ್ತು ಎಂದು, ಹಾಲುಹಲ್ಲನ್ನು ಕಿತ್ತು ಹತ್ತಿಯ ಮೇಲಿಟ್ಟರು. ಹೊರಡುವಾಗ ಡಾಕ್ಟರು ಎದ್ದು ಬಂದು ಅಕ್ಕನಿಗೆ, "ನಾನು ಇನ್ನೊಮ್ಮೆ ನೋಡ್ಬೇಕಿತ್ತಮ್ಮ. ಈ ಮೇಣ ನನ್ನ ಹತ್ರ ಇರ್ಲಾ?" ಎಂದರು. ಅಕ್ಕ ಆಗಲಿ ಎಂದು ತಲೆಯಾಡಿಸಿದಳು, ಅಷ್ಟೆ. ದಾರಿಯುದ್ದಕ್ಕೂ ನಾನೊಬ್ಬನೇ ಮಾತಾಡಿದೆ.

ಹಲ್ಲು ಕಿತ್ತರೂ ಕಾಳು ಕಂಡರೆ ಗುಲಗಂಜಿ ಹಿಂದೆ ಹಿಂದೆ ಸರಿಯುತ್ತಿತ್ತು. ನನಗೆ ಮತ್ತೆ ತಲೆ ಕೆಟ್ಟಿತು. "ನೋವು ಹೋಗಿದೆ, ನೋವಿನ ಭಯ ಹೋಗಿಲ್ಲ," ಎಂದಳು ಅಕ್ಕ. "ಹೊಸ ಹಲ್ಲು ಕಟ್ಟಿಸ್ಕೊಂಡವರೂ ಹೀಗೇ. ಮೊದಲು ಮೆತ್ತಗಿರೋದು, ಆಮೇಲೆ ಸ್ವಲ್ಪ ಗಟ್ಟಿ, ಆಮೇಲೆ ಏನ್ ಬೇಕಾದ್ರೂ. ಅವಸರ ಮಾಡಿದ್ರೆ ಸೆಟ್ಟು ತೆಗೆದು ಡಬ್ಬಿಗೆ ಹಾಕಿಬಿಡ್ತಾರೆ."

ತಟ್ಟೆ ಅವಳ ಕೈಗೆ ಹೋಯಿತು. ಬೆಚ್ಚನೆಯ ನೀರಲ್ಲಿ ಕಾಳು ನೆನೆಸಿ ಮುದ್ದೆ ಮಾಡಿದಳು, ದಿನಕ್ಕೆ ನಾಲ್ಕು ಸಲ, ಚೂರು ಚೂರು. ಅವಳು ಕೆಲಸಕ್ಕೆ ಹೋದಾಗ ಹೆಂಡತಿ ಅದೇ ಅಳತೆಯಲ್ಲಿ ಮಾಡಿ ಕೊಡುತ್ತಿದ್ದಳು. ಮರಿ ನೆಕ್ಕಿತು, ಮರುದಿನ ಬಟ್ಟಲು ಖಾಲಿ ಮಾಡಿತು. ದಿನ ಕಳೆದಂತೆ ನೀರು ಕಮ್ಮಿಯಾಯಿತು, ನೆನೆಯುವ ಹೊತ್ತೂ ಕಮ್ಮಿಯಾಯಿತು. ಉಣ್ಣುವಾಗ ಯಾರೂ ನೋಡಬಾರದು, ಹೊಗಳಬಾರದು, ಬೈಯುವುದಂತೂ ಕೂಡದೇ ಕೂಡದು. ಹಾಗಾಗಿ ನನ್ನನ್ನು ಅಡುಗೆಮನೆಯಿಂದಲೇ ಗಡೀಪಾರು ಮಾಡಿದರು. ವಾರ ಕಳೆಯುವಷ್ಟರಲ್ಲಿ ತಕ್ಕಡಿ ಒಂದು ಕಿಲೋ ಏಳುನೂರು ತೋರಿಸಿತು.

ಒಂಬತ್ತನೆಯ ದಿನ ಸಂಜೆ ತಟ್ಟೆಯಲ್ಲಿ ಒಣ ಕಾಳು. ಅಕ್ಕ ಮರಿಗೆ ಬೆನ್ನು ಮಾಡಿ ನೆಲದ ಮೇಲೆ ಕೂತು ಬೀನ್ಸ್ ಮುರಿಯುತ್ತಿದ್ದಳು. ನಾನು, ಹೆಂಡತಿ ಬಾಗಿಲ ಹೊರಗೆ ಉಸಿರು ಬಿಗಿಹಿಡಿದು ನಿಂತಿದ್ದೆವು. ಮೂಸುವ ಸದ್ದು. ಆಮೇಲೆ ಏನೂ ಇಲ್ಲ. ಆಮೇಲೆ, ಕಟುಂ. ಸ್ವಲ್ಪ ಬಿಟ್ಟು, ಕಟುಂ ಕಟುಂ. ನಾನು ಕೂಗಬಾರದೆಂದು ಹೆಂಡತಿ ನನ್ನ ಬಾಯಿಗೆ ಕೈ ಅಡ್ಡ ಹಿಡಿದಳು. ತಟ್ಟೆ ನೆಕ್ಕುವ ಸದ್ದು ಬರುವವರೆಗೆ ಕಾದು ಇಣುಕಿದರೆ ಅಕ್ಕನ ಕೈಯಲ್ಲಿ ಬೀನ್ಸ್ ಹಾಗೇ ಇತ್ತು. ಕಣ್ಣಲ್ಲಿ ನೀರು ಸುರಿಯುತ್ತಿತ್ತು.

"ಯಾಕಕ್ಕಾ? ತಿಂತಲ್ಲ!"

"ಮೂವತ್ತೆರಡು ವರ್ಷ ಆಯ್ತು ಕಣೋ," ಎಂದಳು. "ಎಷ್ಟೊಂದು ಬಾಯಿಗೆ ಹಲ್ಲು ಕೂರಿಸಿದೀನಿ. ಮೊದಲನೇ ತುತ್ತು ಅಗಿಯೋ ಸದ್ದು ನಾನು ಕೇಳಿದ್ದು ಇವತ್ತೇ."

ಗಡೀಪಾರಾಗಿದ್ದ ನಾನು ಒಳಗೆ ಬಂದು, ಅವಳ ಪಕ್ಕ ಕೂತು ಉಳಿದ ಬೀನ್ಸ್ ಮುರಿದೆ.

ಸೋಮವಾರ ಅಕ್ಕ ಕೆಲಸಕ್ಕೆ ಹೋದವಳು ಹಿಂದಿನ ಕೋಣೆಗೆ ಹೋಗಲಿಲ್ಲವಂತೆ. ನೇರ ಡಾಕ್ಟರ ಮುಂದೆ ನಿಂತು, "ಇನ್ಮೇಲೆ ಹಲ್ಲು ಕೂರಿಸೋ ದಿನ ನಾನೂ ಇಲ್ಲೇ ಇರ್ತೀನಿ ಸಾರ್" ಎಂದಳಂತೆ. ಕೇಳಿದ್ದಲ್ಲ, ಹೇಳಿದ್ದು. ಈಗ ಮುಂದಿನ ಕೋಣೆಯಲ್ಲಿ, ನಗುವ ಮಗುವಿನ ಚಿತ್ರದ ಕೆಳಗೆ ಅವಳಿಗೊಂದು ಕುರ್ಚಿ ಬಂದಿದೆ. ಮೊನ್ನೆ ಒಬ್ಬ ಅಜ್ಜಿ ಹೊಸ ಹಲ್ಲು ಹಾಕಿಸಿಕೊಂಡು, ಅಕ್ಕ ಕೊಟ್ಟ ಮೆತ್ತನೆ ಬ್ರೆಡ್ಡಿನ ಚೂರನ್ನು ಅಗಿದು ನುಂಗಿ, ಅವಳ ಕೆನ್ನೆ ಸವರಿ, "ನೀನೇನಮ್ಮ ಮಾಡಿದ್ದು?" ಎಂದು ಕೇಳಿದರಂತೆ.

"ಹೂಂ ಅಜ್ಜಿ, ನಾನೇ" ಎಂದಳಂತೆ ನಮ್ಮಕ್ಕ.