ದಾಸಯ್ಯನ ಪೆಟ್ಟಿಗೆ, ಕುಳ್ಳಮ್ಮನ ಕ್ಯಾಮರಾ

ಕುಳ್ಳಮ್ಮ ನಾಲ್ಕೂವರೆ ಅಡಿಗಿಂತ ಒಂದಂಗುಲವೂ ಹೆಚ್ಚಿರಲಿಲ್ಲ. ಅವಳ ಪೆಟ್ಟಿಗೆ ಕ್ಯಾಮರಾ ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ನಿಂತರೆ ಅವಳಿಗಿಂತ ಎತ್ತರ. ಹಿಂದೆ ಒಂದು ಮಣೆ ಹಾಕಿಕೊಂಡು ಅದರ ಮೇಲೆ ನಿಂತು ಕೆಲಸ ಮಾಡುತ್ತಿದ್ದಳು. ಕೆ.ಆರ್. ಪೇಟೆಯ ತಾಲ್ಲೂಕು ಕಚೇರಿ ಗೇಟಿನ ಪಕ್ಕದ ಹೊಂಗೆ ಮರದ ಕೆಳಗೆ ನನ್ನ ಟೈಪ್‌ರೈಟರ್ ಮೇಜು, ಅಲ್ಲಿಂದ ನಾಲ್ಕು ಮಾರು ದೂರದಲ್ಲಿ ಅವಳ ಪೆಟ್ಟಿಗೆ. ಜನ ನನ್ನ ಹತ್ತಿರ ಅರ್ಜಿ ಹೊಡೆಸಿ, ಅದಕ್ಕೆ ಅಂಟಿಸುವ ಫೋಟೊಗೆ ಅವಳ ಮುಂದೆ ಹೋಗಿ ಕೂರುತ್ತಿದ್ದರು. ಅವಳು ನನ್ನನ್ನು 'ಟೈಪಣ್ಣ' ಅನ್ನುತ್ತಿದ್ದಳು.

ಪೆಟ್ಟಿಗೆ ಅವಳ ಅಪ್ಪ ದಾಸಯ್ಯನದು. ಸಾಗುವಾನಿ ಮರದ್ದು. ಮುಂದುಗಡೆ ಹಿತ್ತಾಳೆ ಕೊಳವೆ, ಅದರ ಬಾಯಿಗೊಂದು ಮುಚ್ಚಳ, ಪಕ್ಕದಲ್ಲಿ ಕೈ ತೂರಿಸಲು ಕರಿ ಬಟ್ಟೆಯ ತೋಳು. ಮುಚ್ಚಳ ತೆಗೆದು ಒಂದು ಎರಡು ಅಂತ ಎಣಿಸಿ ಮತ್ತೆ ಮುಚ್ಚಿದರೆ ಚಿತ್ರ ಬಿತ್ತು. ತೊಳೆಯುವ ನೀರೂ ಔಷಧಿಯೂ ಪೆಟ್ಟಿಗೆಯ ಒಳಗೇ. ಕಾಲು ಗಂಟೆಯೊಳಗೆ ಒದ್ದೆ ಫೋಟೊ ಕೈಗೆ ಬರುತ್ತಿತ್ತು.

ಎಂಬತ್ತೊಂಬತ್ತರಲ್ಲಿ ಕುಳ್ಳಮ್ಮನ ಗಂಡ, ನಾಗಮಂಗಲದ ಕಡೆಯವನು, ಇನ್ನೊಬ್ಬಳನ್ನು ಮನೆಗೆ ಕರೆತಂದ. ಇವಳು ಒಂದು ಟ್ರಂಕು ಹಿಡಿದು ಬಸ್ಸು ಹತ್ತಿ ಅಪ್ಪನ ಮನೆಗೆ ಬಂದುಬಿಟ್ಟಳು. ತಿಂಗಳ ಮೇಲೆ ಗಂಡನ ಊರಿನ ನಾಲ್ವರು ಯಜಮಾನರು ಅವಳನ್ನು ವಾಪಸ್ಸು ಕರೆಯಲು ಬಂದರು. ಆಗ ಅವಳು ಮನೆಯಂಗಳದಲ್ಲಿ ಅಪ್ಪನಿಂದ ಕೆಲಸ ಕಲಿಯುತ್ತಾ ಕರಿ ತೋಳಿನೊಳಗೆ ಕೈ ಹಾಕಿಕೊಂಡು ನಿಂತಿದ್ದಳು.

"ಈಚೆ ಬಾವ್ವ, ಮಾತಾಡದಿದೆ" ಅಂದರು.

"ಈಗ ಕೈ ತೆಗೆಯಕ್ಕಾಗಕಿಲ್ಲ ಕಣ್ರಪ್ಪ. ಬೆಳಕು ಬಿದ್ರೆ ಫೋಟ ಕೆಟ್ಟೋಯ್ತದೆ. ನೀವು ಬಸ್ಸು ನೋಡ್ಕಳಿ" ಅಂದಳು.

ಅವರು ಬಸ್ಸು ನೋಡಿಕೊಂಡರು.

ತೊಂಬತ್ತೆರಡರಲ್ಲಿ ದಾಸಯ್ಯ ತೀರಿಕೊಂಡ. ಹದಿನೈದನೇ ದಿನಕ್ಕೆ ಕುಳ್ಳಮ್ಮ ಪೆಟ್ಟಿಗೆಯನ್ನು ತಲೆ ಮೇಲೆ ಹೊತ್ತು ಮರದ ಕೆಳಗೆ ಇಳಿಸಿದಳು. ಹೆಂಗಸು ಬೀದಿಯಲ್ಲಿ ನಿಂತು ಗಂಡಸರ ಗದ್ದ ಹಿಡಿದು ಮುಖ ತಿರುಗಿಸುತ್ತಾಳೆ ಅಂತ ಆಡಿಕೊಂಡವರು ಬಹಳ. ಅವರಲ್ಲಿ ಅರ್ಧ ಜನ ಆಮೇಲೆ ಫೋಟೊಗೆ ಬಂದು ಕೂತರು. ಅವರ ಗದ್ದಗಳನ್ನೂ ಹಿಡಿದು ತಿರುಗಿಸಿದಳು.

ತೊಂದರೆ ಶುರುವಾದದ್ದು ಮೂರು ವರ್ಷದ ಮೇಲೆ, ಶಂಕರ್ ಎಂಬವನು ಎದುರು ಸಾಲಿನಲ್ಲಿ ಸ್ಟುಡಿಯೋ ತೆರೆದಾಗ. ಗಾಜಿನ ಬಾಗಿಲು, ಫ್ಯಾನು, ಹಿಂದೆ ನೀಲಿ ಪರದೆ, ಒಂದೇ ಸಲಕ್ಕೆ ನಾಲ್ಕು ಕಲರ್ ಫೋಟೊ ಹೊರಹಾಕುವ ಕ್ಯಾಮರಾ. ಕಪ್ಪು ಬಿಳುಪು ಯಾರಿಗೂ ಬೇಡವಾಯಿತು. ಒಂದು ಮಧ್ಯಾಹ್ನ ಪೂರ್ತಿ ಕುಳ್ಳಮ್ಮನ ಮುಂದಿನ ಕುರ್ಚಿಯಲ್ಲಿ ನಾಯಿ ಮಲಗಿತ್ತು.

ಅವಳು ಮೈಸೂರಿಗೆ ಹೋಗಿ ಯಾರೋ ಬಳಸಿ ಬಿಟ್ಟಿದ್ದ ಒಂದು ಪುಟ್ಟ ಕ್ಯಾಮರಾ ತಂದಳು. ಕರಿ ಪ್ಲಾಸ್ಟಿಕ್ಕಿನದು, ಗುಂಡಿ ಒತ್ತಿದರೆ ರೀಲು ತನಗೆ ತಾನೇ ಸುತ್ತಿಕೊಳ್ಳುತ್ತಿತ್ತು. ಸ್ಟ್ಯಾಂಡಿನ ಮೇಲೆ ಅದನ್ನಿಟ್ಟು ಕೂತಳು. ಹಳ್ಳಿಯಿಂದ ಬಂದ ಮುದುಕರು ಅದರ ಮುಂದೆ ಕೂರಲೇ ಇಲ್ಲ. ಕೂತವರಿಗೂ ಎಲ್ಲಿ ನೋಡಬೇಕೆಂದು ತಿಳಿಯದು. ಒಬ್ಬರು ಮರ ನೋಡಿದರು, ಒಬ್ಬರು ನನ್ನನ್ನು ನೋಡಿದರು. ಒಬ್ಬ ಅಜ್ಜಿ ಹತ್ತಿರ ಬಂದು ಅದನ್ನು ಬೆರಳಿನಿಂದ ತಟ್ಟಿ, "ಇದೇನವ್ವ, ಸೋಪಿನ ಡಬ್ಬಿ ಇದ್ದಂಗದೆ. ಇದ್ಕೇನು ಕಂಡದು? ದಾಸಯ್ಯನ ಪೆಟ್ಗೆ ಎಲ್ಲೋಯ್ತು?" ಅಂದಳು.

ಆ ವಾರ ಕುಳ್ಳಮ್ಮ ಮರದ ಕೆಳಗೆ ಬರಲಿಲ್ಲ. ಬಂದಾಗ ಪೆಟ್ಟಿಗೆ ಬಂದಿತ್ತು. ಒಳಗಿನ ತಟ್ಟೆ, ಗಾಜು ಎಲ್ಲ ತೆಗೆದು, ಕೊಳವೆಯ ಹಿಂದೆ ಸರಿಯಾಗಿ ಆ ಪುಟ್ಟ ಕ್ಯಾಮರಾವನ್ನು ಹಲಗೆಗೆ ಬಿಗಿದಿದ್ದಳು. ಗುಂಡಿ ಒತ್ತಲು ಸೈಕಲ್ಲಿನ ಬ್ರೇಕ್ ವೈರು. ವೈರಿನ ತುದಿ ಕರಿ ತೋಳಿನೊಳಗೆ. ಹೊರಗಿನಿಂದ ನೋಡಿದರೆ ದಾಸಯ್ಯನ ಪೆಟ್ಟಿಗೆಯೇ, ಮುಚ್ಚಳ ತೆಗೆದು ಒಂದು ಎರಡು ಅಂತ ಎಣಿಸುವುದೂ ಹಾಗೆಯೇ. ಬರುವ ಫೋಟೊ ಮಾತ್ರ ಕಲರ್.

ಮೊದಲನೇ ರೀಲು ಹಾಳು. ಕ್ಯಾಮರಾದ ಕಿಂಡಿಯಲ್ಲಿ ಕಣ್ಣಿಟ್ಟು ನೋಡೋಣವೆಂದರೆ ಎದುರಿಗೆ ಬರೀ ಮರದ ಹಲಗೆ. ಅಂದಾಜಿನ ಮೇಲೆ ಒತ್ತಿದಳು. ಹದಿನೆಂಟು ಜನರ ಹಣೆ ಹೋಗಿತ್ತು. ಪೆಟ್ಟಿಗೆಯ ಮೇಲೆ ಎರಡು ಮೊಳೆ ಹೊಡೆದು, ಅವುಗಳ ಸಾಲಿಗೆ ಮುಖ ಹಿಡಿಯುವುದನ್ನು ಕಲಿಯಲು ಇನ್ನೂ ಎರಡು ರೀಲು ಬೇಕಾಯಿತು. ಬೇಸಿಗೆಯಲ್ಲಿ ಮರದ ಗೂಡು ಕಾದು ಫಿಲ್ಮಿನ ಬಣ್ಣ ಕೆಂಪಿಗೆ ತಿರುಗಿತು. ಒದ್ದೆ ಗೋಣಿ ಹೊದಿಸಿದಳು. ಎಲ್ಲಕ್ಕಿಂತ ದೊಡ್ಡ ಕಷ್ಟ ಬೇರೆಯೇ. ದಾಸಯ್ಯ ಕಾಲು ಗಂಟೆಯಲ್ಲಿ ಕೊಡುತ್ತಿದ್ದದ್ದು ಈಗ ಮೈಸೂರಿನ ಲ್ಯಾಬಿಗೆ ಹೋಗಿ ಬರಲು ಮೂರು ದಿನ. ಅರ್ಜಿಯ ಅವಸರದವರೆಲ್ಲ ಶಂಕರ್ ಕಡೆಗೇ ಹೋದರು.

ಆದರೂ ಜನ ಬಂದರು. ಅರ್ಜಿಗಲ್ಲ, ಮನೆಯಲ್ಲಿ ಇಟ್ಟುಕೊಳ್ಳಲು. ಆ ಪೆಟ್ಟಿಗೆಯ ಮುಂದೆ ಕೂತವರು ತಾವಾಗಿಯೇ ಬೆನ್ನು ನೆಟ್ಟಗೆ ಮಾಡುತ್ತಿದ್ದರು, ಸೆರಗು ಸರಿಪಡಿಸಿಕೊಳ್ಳುತ್ತಿದ್ದರು, ಹಿತ್ತಾಳೆಯ ಕೊಳವೆಯನ್ನೇ ನೋಡುತ್ತಿದ್ದರು. ಕೊಳವೆಯ ಅಂಚು ಅಡ್ಡ ಬರುತ್ತಿದ್ದುದರಿಂದ ಫೋಟೊದ ನಾಲ್ಕು ಮೂಲೆ ಕಪ್ಪಾಗಿ, ಮುಖದ ಸುತ್ತ ಒಂದು ಗುಂಡನೆಯ ಬೆಳಕು ನಿಲ್ಲುತ್ತಿತ್ತು. ಆ ಮೂಲೆಗಳು ಜನಕ್ಕೆ ಹಿಡಿಸಿದವು. ನನಗೆ ಮಾತ್ರ ಒಳಗೊಳಗೇ ಇರುಸುಮುರುಸು.

"ಕುಳ್ಳಮ್ಮ, ಇದು ಒಂಥರಾ ಮೋಸ ಅಲ್ವಾ?" ಅಂತ ಒಮ್ಮೆ ಕೇಳಿದೆ.

"ಯಾವ್ದು ಮೋಸ ಟೈಪಣ್ಣ? ಫೋಟದಲ್ಲಿರೋ ಮುಖ ಅವರ್ದೇ ತಾನೆ?" ಅಂದಳು.

ತೊಂಬತ್ತೇಳರಲ್ಲಿ ಒಂದು ಸಂತೆಯ ದಿನ ಶಂಕರ್ ರಸ್ತೆ ದಾಟಿ ಬಂದ. ಆ ಕಾಲಕ್ಕೆ ಅವನ ಗಿರಾಕಿಗಳೂ ಮನೆ ಫೋಟೊಗೆ ಇವಳ ಕಡೆ ಬರುತ್ತಿದ್ದರು. ಜನ ಸೇರಿದ್ದರು. ಕುರ್ಚಿಯ ಮೇಲೆ ಮರಿಯಯ್ಯ ಎಂಬ ಹಿರಿಯರು ಕೂತಿದ್ದರು. ಅದು ಅವರ ಎರಡನೇ ಫೋಟೊ. ಮೊದಲನೆಯದು ಚೆನ್ನಾಗಿ ಬಂತೆಂದು ಮತ್ತೆ ಬಂದಿದ್ದರು.

"ಎಲ್ರೂ ನೋಡ್ರಪ್ಪ" ಅಂತ ಶಂಕರ್ ಕೂಗಿದ. "ಆ ಪೆಟ್ಗೆ ಒಳಗೆ ಏನದೆ ಅಂತ ಬಾಗ್ಲು ತೆಗೆದು ತೋರ್ಸು ಅನ್ನಿ ಇವಳಿಗೆ. ಸತ್ತೋದ ಅಪ್ಪನ ಹೆಸರೇಳ್ಕಂಡು ನಾಟ್ಕ ಆಡ್ತಾವ್ಳೆ."

ಕುಳ್ಳಮ್ಮ ಮಣೆಯಿಂದ ಇಳಿದಳು. ಪೆಟ್ಟಿಗೆಯ ಹಿಂದಿನ ಬಾಗಿಲಿನ ಕೊಂಡಿ ತೆಗೆದು, ಬಾಗಿಲನ್ನು ಅಷ್ಟಗಲ ತೆರೆದಳು.

"ನೋಡ್ರಪ್ಪ, ಹತ್ರ ಬಂದು ನೋಡಿ. ಪೆಟ್ಗೆ ನಮ್ಮಪ್ಪಂದು. ಒಳಗಿರೋ ಕ್ಯಾಮ್ರ ನಂದು, ಮೈಸೂರಲ್ಲಿ ತಂದಿದ್ದು. ಈ ವೈರು ಸೈಕಲ್ದು. ಬಿಗಿದಿರೋಳು ನಾನೇ. ಇನ್ನೇನು ನೋಡ್ಬೇಕು ಶಂಕರಣ್ಣ?"

ಕೆಲವರು ನಕ್ಕರು. ಕೆಲವರು ಬ್ರೇಕ್ ವೈರು ಎಳೆದು ನೋಡಿ ಭೇಷ್ ಅಂದರು. ಶಂಕರ್ ಏನೋ ಗೊಣಗುತ್ತಾ ಹೊರಟುಹೋದ. ಗೆದ್ದಳು ಅಂದುಕೊಂಡೆ. ಆದರೆ ಮರಿಯಯ್ಯ ಕುರ್ಚಿಯಿಂದ ಎದ್ದು ನಿಂತರು.

"ಅವ್ವ, ನೀನು ಮುಚ್ಚಳ ತೆಗೆದು ಒಂದು ಎರಡು ಅಂತ ಎಣಿಸ್ದ್ಯಲ್ಲ. ನಾನು ಉಸ್ರು ಬಿಗಿಹಿಡ್ಕಂಡು ಕೂತಿದ್ದೆ. ಆ ಎಣಿಕೆ ಬೇಕಾಗೇ ಇರ್ನಿಲ್ವಾ?"

ಕುಳ್ಳಮ್ಮ ಕೊಳವೆಯ ಮುಚ್ಚಳವನ್ನು ಕೈಗೆ ತೆಗೆದುಕೊಂಡಳು.

"ಬೇಕಾಗಿರ್ನಿಲ್ಲ ಅಯ್ಯ" ಅಂದಳು.

"ಅದು ತಪ್ಪು" ಅಂದು ಅವರು ಹೊರಟರು.

ಅಂದಿನಿಂದ ಅವಳು ಎಣಿಸುವುದನ್ನು ಬಿಟ್ಟಳು. ಮುಚ್ಚಳವನ್ನು ಬೆಳಿಗ್ಗೆ ತೆಗೆದರೆ ಸಂಜೆಯೇ ಹಾಕುವುದು. ಹಿಂದಿನ ಬಾಗಿಲನ್ನು ಕಳಚಿ ಮನೆಯಲ್ಲಿಟ್ಟಳು, ಬಂದವರೆಲ್ಲ ಒಳಗೆ ನೋಡಲಿ ಎಂದು. ತಿಂಗಳೆರಡು ತಿಂಗಳು ಜನ ಕಡಿಮೆಯಾದರು. ಬೇರೆ ಕಡೆ ಹೋಗಿ ಕೂರು, ಪೆಟ್ಟಿಗೆ ಮಾರು ಅಂತ ಬುದ್ಧಿ ಹೇಳಿದವರಲ್ಲಿ ನಾನೂ ಒಬ್ಬ.

"ಮೋಸ ಅನ್ನೋ ಮಾತು ಬಂದದ್ದು ಈ ಮರದ ಕೆಳಗೆ. ಅದು ಹೋಗೋದೂ ಇಲ್ಲೇ ಆಗ್ಬೇಕು. ನಾನೆಲ್ಲೂ ಏಳಕಿಲ್ಲ" ಅಂದಳು. ಏಳಲಿಲ್ಲ. ಜನ ನಿಧಾನವಾಗಿ ತಿರುಗಿ ಬಂದರು. ಒಳಗೆ ಬಗ್ಗಿ ನೋಡಿ, ಆಮೇಲೆ ಬಂದು ಬೆನ್ನು ನೆಟ್ಟಗೆ ಮಾಡಿ ಕೂತರು. ಗೊತ್ತಿದ್ದೂ ಹಾಗೆಯೇ ಕೂರುತ್ತಾರಲ್ಲ ಎಂದು ನನಗೇ ಆಶ್ಚರ್ಯ.

ಮರು ವರ್ಷ ತೊಣ್ಣೂರಿನಿಂದ ಕರೆ ಬಂತು. ಅಲ್ಲಿನ ದೊಡ್ಡ ಜಮೀನಿನ ಮನೆಯ ಯಜಮಾನಿ ದೊಡ್ಡತಾಯಮ್ಮ. ಎಂಬತ್ತು ದಾಟಿದ ಜೀವ, ಓಡಾಟ ನಿಂತಿತ್ತು. ಅವರ ಗಂಡನದೆಂದು ಉಳಿದಿದ್ದ ಒಂದೇ ಫೋಟೊ ದಾಸಯ್ಯ ತೆಗೆದದ್ದು. ಮನೆಮಂದಿಯೆಲ್ಲ ಸೇರಿ ಒಂದು ಫೋಟೊ ಆಗಬೇಕು, ಅದು ಆ ಪೆಟ್ಟಿಗೆಯಲ್ಲೇ ಆಗಬೇಕು ಅಂತ ಹಟ ಹಿಡಿದಿದ್ದರಂತೆ. ಅಂದು ಭಾನುವಾರ, ಕಚೇರಿಗೆ ರಜೆ. ಸ್ಟ್ಯಾಂಡು ಹೊತ್ತುಕೊಂಡು ನಾನೂ ಹೊರಟೆ. ಬಸ್ಸಿನಲ್ಲಿ ಪೆಟ್ಟಿಗೆ ಕುಳ್ಳಮ್ಮನ ತೊಡೆಯ ಮೇಲೆ. ಪಾಂಡವಪುರದಲ್ಲಿ ಇಳಿಯುವಷ್ಟರಲ್ಲಿ ಅವಳ ಕಾಲು ಜೋಮು ಹಿಡಿದಿತ್ತು. ಕಂಡಕ್ಟರ್ ಅದಕ್ಕೂ ಒಂದು ಟಿಕೀಟು ಹರಿದಿದ್ದ.

ಮನೆಯ ಅಂಗಳದಲ್ಲಿ ಇಪ್ಪತ್ತಾರು ಜನ ಎರಡು ಸಾಲಾಗಿ ನಿಂತರು. ನಡುವೆ ಕುರ್ಚಿಯಲ್ಲಿ ದೊಡ್ಡತಾಯಮ್ಮ. ಎಡದ ತುದಿಯಲ್ಲಿ ಮೂವತ್ತು ವರ್ಷದಿಂದ ಆ ಮನೆಯ ದನ ನೋಡಿಕೊಂಡಿದ್ದ ಸೋಮಯ್ಯ. ಬಲದ ತುದಿಯಲ್ಲಿ, ಕಂಬಕ್ಕೆ ಅಂಟಿಕೊಂಡ ಹಾಗೆ, ಗಂಡ ಸತ್ತು ತವರಿಗೆ ಬಂದಿದ್ದ ಮಗಳು ಪುಟ್ಟತಾಯಮ್ಮ. ಕುಳ್ಳಮ್ಮ ಮೊಳೆಗಳ ಸಾಲಿಗೆ ಕಣ್ಣು ಹಿಡಿದು ನೋಡಿದಳು. ಹಿಂದೆ ಸರಿದಳು. ಹಿಂದೆ ಕೊಟ್ಟಿಗೆಯ ಗೋಡೆ; ಇನ್ನು ಸರಿಯಲು ಜಾಗವಿಲ್ಲ.

"ಆಗಕಿಲ್ಲ" ಅಂದಳು. "ಈ ಕೊಳವೆ ಎರಡೂ ತುದೀನ ನುಂಗಾಕ್ತದೆ. ಇವರಿಬ್ರೂ ಕತ್ಲೇಲಿ ಹೋಯ್ತಾರೆ."

ದೊಡ್ಡ ಮಗ ಚಲುವರಾಜು, ಬಿಳಿ ಪಂಚೆ, ಮುಂದೆ ಬಂದ. "ಹೋದ್ರೆ ಹೋಗ್ಲಿ ಬುಡವ್ವ. ತುದೀಲಿರೋರು ತಾನೆ. ನಡುವೆ ಇರೋರು ಚೆಂದಾಗಿ ಬಂದ್ರೆ ಸಾಕು. ಅವ್ವನಿಗೆ ಪೆಟ್ಗೇದೇ ಬೇಕು."

ಸೋಮಯ್ಯ ಆಗಲೇ ಸಾಲು ಬಿಟ್ಟು ಈಚೆ ಬರುತ್ತಿದ್ದ. ಪುಟ್ಟತಾಯಮ್ಮ ತಲೆ ತಗ್ಗಿಸಿ ಒಳಗೆ ಹೋಗಲು ತಿರುಗಿದಳು.

"ಯಾರೂ ಅಲ್ಲಾಡ್ಬೇಡಿ!" ಕುಳ್ಳಮ್ಮ ಕೂಗಿದ್ದು ಕೆರೆಯ ಏರಿಯವರೆಗೆ ಕೇಳಿಸಿರಬೇಕು. "ಮನೆಮಂದಿ ಎಲ್ಲ ಅಂತ ತಾನೆ ಕರೆಸಿದ್ದು? ಎಲ್ರೂ ಅಂದ್ರೆ ಎಲ್ರೂ. ನಿಂತ್ಕಳಿ ಅಲ್ಲೇ."

ಚೀಲದಿಂದ ಸ್ಕ್ರೂಡ್ರೈವರ್ ತೆಗೆದು, ಪೆಟ್ಟಿಗೆಯೊಳಗೆ ಕೈ ಹಾಕಿ, ಸೋಪಿನ ಡಬ್ಬಿಯಂಥ ಆ ಕ್ಯಾಮರಾವನ್ನು ಬಿಚ್ಚಿ ಈಚೆ ತೆಗೆದಳು.

"ಇದೇನು ಮಾಡ್ತಾವ್ಳೆ? ಅದಾದ್ರೆ ನಿಮ್ಮೂರ ಶಂಕರ್ ತಾವೂ ಅದೆ. ನಿನ್ನ ಯಾಕೆ ಕರೆಸ್ಬೇಕಿತ್ತು?" ಚಲುವರಾಜು ರೇಗಿದ.

"ಶಂಕರಣ್ಣನ್ನೇ ಕರೆಸ್ಕೊ. ನಾನು ಯಾರ್ನೂ ಬುಟ್ಟು ತೆಗೆಯಕಿಲ್ಲ."

ದೊಡ್ಡತಾಯಮ್ಮ ಕುರ್ಚಿಯಿಂದಲೇ ಕೇಳಿದರು: "ಏನ್ಲಾ ಅದು ಗಲಾಟೆ?"

ಕುಳ್ಳಮ್ಮ ಅವರ ಹತ್ತಿರ ಹೋಗಿ ಬಗ್ಗಿ ಹೇಳಿದಳು. "ಅವ್ವ, ಪೆಟ್ಗೇಲಿ ನಿಮ್ದು ಒಬ್ರುದು ತೆಗಿತೀನಿ. ಎಲ್ರುದೂ ಅಂದ್ರೆ ಪೆಟ್ಗೇಲಿ ಬರಕಿಲ್ಲ. ಪೆಟ್ಗೆ ಬೇಕು ಅಂದ್ರೆ ಮಗಳನ್ನ ಬುಡ್ಬೇಕಾಯ್ತದೆ."

ಮುದುಕಿ ಬಲಗಡೆಗೆ ಕತ್ತು ತಿರುಗಿಸಿ ಕಂಬದ ಕಡೆ ನೋಡಿದರು. "ಪುಟ್ಟಿ, ಅಲ್ಯಾಕೆ ನಿಂತಿದ್ದೀಯೇ? ಕಂಬ ಬುಟ್ಟು ಸಾಲಿಗೆ ಬಾ. ಸೋಮಯ್ಯ, ಎಲ್ಲಿಗ್ಲಾ ಹೊಂಟೆ? ನಿಂತ್ಕೊ." ಆಮೇಲೆ ಕುಳ್ಳಮ್ಮನಿಗೆ, "ಆ ಡಬ್ಬೀಲೇ ತೆಗಿ" ಅಂದರು.

ತೆಗೆದಳು. ಜನ ಪೆಟ್ಟಿಗೆಯ ಮುಂದೆ ಕೂರುವ ಹಾಗೆ ನೆಟ್ಟಗೆ ನಿಲ್ಲಲಿಲ್ಲ. ಒಬ್ಬ ನಕ್ಕ, ಒಬ್ಬಳು ಮಗುವಿನ ಮೂಗು ಒರೆಸುತ್ತಿದ್ದಳು, ಚಲುವರಾಜು ಮುಖ ಗಂಟು ಹಾಕಿದ್ದ. ಇಪ್ಪತ್ತಾರು ಮುಖವೂ ಬಂದವು. ಆಮೇಲೆ ಕ್ಯಾಮರಾವನ್ನು ಮತ್ತೆ ಬಿಗಿದು ದೊಡ್ಡತಾಯಮ್ಮನದನ್ನು ಪೆಟ್ಟಿಗೆಯಲ್ಲಿ ತೆಗೆದಳು. ಬರುವಾಗ ಬಸ್ಸಿನಲ್ಲಿ ಅವಳು ಹೇಳಿದ್ದು ಇಷ್ಟು: "ಈ ಪೆಟ್ಗೆ ಒಬ್ಬೊಬ್ರನ್ನ ದೊಡ್ಡೋರು ಮಾಡ್ತದೆ ಟೈಪಣ್ಣ. ಗುಂಪಿಗೆ ಇದು ಬರಕಿಲ್ಲ. ಇದ್ನ ಮೊದ್ಲೇ ಒಪ್ಕಬೇಕಿತ್ತು ನಾನು."

ತೊಂಬತ್ತೊಂಬತ್ತರ ಮಾಗಿಯಲ್ಲಿ ದೊಡ್ಡತಾಯಮ್ಮ ಹೋದರು. ತಿಥಿಗೆ ಮುಂಚೆ ಚಲುವರಾಜು ಕೆ.ಆರ್. ಪೇಟೆಗೆ ಬಂದ. ತಾಯಿಯ ಫೋಟೊ ದೊಡ್ಡದು ಬೇಕು, ಆ ಗುಂಪಿನದೂ ದೊಡ್ಡದು ಬೇಕು ಅಂದ. ಆಮೇಲೆ ದನಿ ತಗ್ಗಿಸಿ, "ಗುಂಪಿಂದು ಎರಡು ತುದಿ ತೆಗೆದು ಮಾಡ್ಸಿ ಕೊಡು. ಗೋಡೇಲಿ ಹಾಕದು ನೋಡು" ಅಂದ.

"ಆಗಕಿಲ್ಲ" ಅಂದಳು ಕುಳ್ಳಮ್ಮ.

"ಬೇರೆ ಕಡೆ ಮಾಡಿಸ್ತೀನಿ."

"ನೆಗೆಟಿವ್ ನನ್ ತಾವ ಅದೆ."

"ನೀನು ಕೊಟ್ಟಿದ್ನೇ ಕತ್ರೀಲಿ ಕತ್ತರಿಸ್ಕತೀನಿ."

"ಕತ್ತರಿಸ್ಕೊ. ಕತ್ರಿ ನಿಂದು, ಕೈ ನಿಂದು. ನಿಮ್ಮವ್ವ ನಿಲ್ಲಿ ಅಂದೋರ್ನ ನಾನು ತೆಗೆದಾಕಕಿಲ್ಲ."

ಅವನು ಅವಳನ್ನು ದುರುಗುಟ್ಟಿಕೊಂಡು ನೋಡಿದ. ಅವಳು ಮಣೆಯ ಮೇಲಿದ್ದಳು. ಅವನ ಕಣ್ಣಿಗೆ ಕಣ್ಣು ಸರಿಯಾಗಿತ್ತು. ನಾನು ಟೈಪ್ ಮಾಡುವುದನ್ನು ನಿಲ್ಲಿಸಿದ್ದೆ.

"ಮೂರು ದಿನಕ್ಕೆ ಬತ್ತೀನಿ. ಮಾಡ್ಸಿಡು" ಅಂದ.

ತಿಥಿಯ ಊಟಕ್ಕೆ ನಾನೂ ಹೋಗಿದ್ದೆ. ನಡುಮನೆಯ ಗೋಡೆಯಲ್ಲಿ ಗುಂಪಿನ ಫೋಟೊ ಗಾಜಿನ ಕಟ್ಟಿನಲ್ಲಿ ತೂಗುತ್ತಿತ್ತು. ಅದರ ಮುಂದೆ ನಿಂತು ಎಡಗಡೆಯಿಂದ ಎಣಿಸಿದೆ. ಸೋಮಯ್ಯನಿಂದ ಹಿಡಿದು ಪುಟ್ಟತಾಯಮ್ಮನವರೆಗೆ ಇಪ್ಪತ್ತಾರು.